ಹಲಗೆಯಾಚೆಯ ತಣ್ಣನೆಯ ಕೈ

ಬರಿಯ ಕೈಯೊಂದನ್ನು ಮುಟ್ಟಿ, ಅದು ಯಾರದೆಂದು ನೀವು ಹೇಳಬಲ್ಲಿರಾ?

ಅಸಾಧ್ಯ! ಕೈ ನೋಡಿ ಮನುಷ್ಯನನ್ನು ಅಳೆಯುವ ಚಟವನ್ನು ಸಮಾಜದಿಂದ ಬುಡಸಮೇತ ಕಿತ್ತೊಗೆಯಲು ಪಣತೊಟ್ಟ ನಾನು, ಮರ್ಫಿ ಟೌನಿನ ನಮ್ಮ ಸಮುದಾಯ ಭವನದಲ್ಲಿ ಒಂದು ಭಾನುವಾರ ಬಹಿರಂಗ ಪ್ರಯೋಗವನ್ನೇ ಏರ್ಪಡಿಸಿದೆ. ವೇದಿಕೆಗೆ ಅಡ್ಡಲಾಗಿ ಪ್ಲೈವುಡ್ ಹಲಗೆ; ಅದರಲ್ಲಿ ಮೂರು ತೂತು. ಹಲಗೆಯ ಹಿಂದೆ, ರಸೆಲ್ ಮಾರುಕಟ್ಟೆಯಲ್ಲಿ ಮಾಂಸದಂಗಡಿ ಇಟ್ಟಿರುವ ರಫೀಕ್ ಭಾಯ್, ಹೂ ಕಟ್ಟಿ ಮಾರುವ ಪಕ್ಕದ ಮನೆಯ ಸೆಲ್ವಿ ಅಕ್ಕ ಮತ್ತು ನಾನು. ಬೆಳಕು ನುಸುಳದಂತೆ ನಮ್ಮ ಸುತ್ತ ಕಪ್ಪು ಬಟ್ಟೆ. ಮುಂದೆ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ನನ್ನ ಹೆಂಡತಿ ಸುಮಿತ್ರಾ. ಯಾರ್ಯಾರ ಕೈ ಇರುತ್ತದೆಂದಾಗಲಿ, ನಾನೂ ಕೈ ಒಡ್ಡುವೆನೆಂದಾಗಲಿ ಅವಳಿಗೆ ತಿಳಿಸಿರಲಿಲ್ಲ.

ಮೊದಲಿಗೆ ನನ್ನ ಭಾಷಣ. ಬಲಗೈಯನ್ನು ಭುಜದವರೆಗೂ ತೂತಿನಿಂದ ಹೊರಗೆ ನೇತುಹಾಕಿಕೊಂಡು, ಕತ್ತಲಿನಿಂದಲೇ ಮಾತನಾಡಿದೆ. ಸುದೀರ್ಘವಾಗಿ ಮಾತನಾಡಿದೆ. ಹಲಗೆಯ ಅಂಚು ಕಂಕುಳನ್ನು ಒತ್ತುತ್ತಿದ್ದುದು ಗಮನಕ್ಕೇ ಬರಲಿಲ್ಲ.

"ಬೇಗ ಮುಗ್ಸಿ ಸಾರ್, ಸಮಾಧಿ ಒಳಗೆ ಕೂತಂಗೈತೆ," ಎಂದು ಸೆಲ್ವಿ ಅಕ್ಕ ಪಿಸುಗುಟ್ಟಿದರು.

ಪ್ರಯೋಗ ಆರಂಭವಾಯಿತು.

"ಕತ್ತಿ ಹಿಡಿದು ಜಡ್ಡುಗಟ್ಟಿರೋ ಅಂಗೈ. ರಫೀಕ್ ಭಾಯ್!" ಎಂದಳು ಸುಮಿತ್ರಾ. ಚಪ್ಪಾಳೆ! "ಬೆರಳ ತುದೀಲಿ ದಾರದ ಗೀರು. ಸೆಲ್ವಿ ಅಕ್ಕ!" ಮತ್ತೆ ಚಪ್ಪಾಳೆ!

ನನ್ನ ವಾದದ ಮಾನ ಉಳಿಸಲು ಇನ್ನಿದ್ದದ್ದು ನನ್ನ ಕೈಯೊಂದೇ. ಹೆಂಡತಿ ಅದನ್ನು ಗುರುತಿಸಲೇಬಾರದು! ಉಸಿರು ಬಿಗಿಹಿಡಿದು ಅವಳ ಸ್ಪರ್ಶಕ್ಕೆ ಕಾದೆ.

ಯಾರೂ ಮುಟ್ಟಲಿಲ್ಲ.

"ಇದು ಯಾರದೋ ಗೊತ್ತಾಗ್ತಿಲ್ಲ." ಹೊರಗೆ ಅವಳ ದನಿ ನಡುಗಿತು. "ಹಿಡ್ಕೊಂಡೇ ಇದೀನಿ. ತಣ್ಣಗಿದೆ. ಹಿಸುಕಿದ್ರೂ ಅಲ್ಲಾಡ್ತಿಲ್ಲ."

ನನ್ನನ್ನಂತೂ ಯಾರೂ ಮುಟ್ಟಿಲ್ಲ. ಹಾಗಾದರೆ ಅವಳು ಹಿಡಿದಿರುವುದು ಯಾರ ಕೈಯನ್ನು?

ಗಾಬರಿಯಿಂದ ಮೈಯನ್ನು ಹಿಂದಕ್ಕೆಳೆದುಕೊಂಡೆ. ಭಾರವಾದದ್ದೇನೋ ದೊಪ್ಪನೆ ತೊಡೆಯ ಮೇಲೆ ಬಿತ್ತು. ಎಡಗೈಯಿಂದ ತಡವಿದೆ. ಐದು ಬೆರಳು! ತಣ್ಣಗೆ, ಮೆತ್ತಗೆ, ನಿರ್ಜೀವವಾಗಿ.

"ರಫೀಕ್ ಭಾಯ್, ನಿಮ್ಮ ಕೈ ತೆಗೀರಿ."

"ನಂದು ಎರಡೂ ನನ್ ಹತ್ರಾನೇ ಐತೆ ಸರ್."

"ಸೆಲ್ವಿ ಅಕ್ಕ?"

"ಅಯ್ಯೋ, ನಂದು ಇನ್ನೂ ಹೊರಗೈತೆ ಸಾರ್!"

ಮೂಢನಂಬಿಕೆಯ ವಿರುದ್ಧ ಹಲವು ವೇದಿಕೆಗಳಲ್ಲಿ ಗುಡುಗಿದ ಅದೇ ಕಂಠದಿಂದ ನಾನು "ದೆವ್ವ!" ಎಂದು ಚೀರಿದೆ. ಹಲಗೆ ಬಿತ್ತು, ಬಟ್ಟೆ ಬಿತ್ತು, ನಾನೂ ಬಿದ್ದೆ. ಆ ದೆವ್ವದ ಕೈಯನ್ನು ಎಡಗೈಯಿಂದ ಬಡಿಯುತ್ತಿದ್ದ ನನ್ನನ್ನು ಇಡೀ ಸಭೆ ಹಗಲು ಬೆಳಕಿನಲ್ಲಿ ಕಂಡಿತು.

"ಬಿಡಿ ಸರ್, ಅದು ನಿಮ್ದೇ ಕೈ," ಎಂದರು ರಫೀಕ್ ಭಾಯ್. "ಜೋಮು ಹಿಡ್ದೈತೆ."

ಮನೆಗೆ ನಡೆಯುವಾಗ ಸುಮಿತ್ರಾಳನ್ನು ಮೆಲ್ಲಗೆ ಕೇಳಿದೆ. "ತಣ್ಣಗಿತ್ತಲ್ಲ, ಅದಕ್ಕೇ ನಿನಗೆ ಗೊತ್ತಾಗಲಿಲ್ಲ, ಅಲ್ವಾ?"

"ಬಿಸಿಯಾಗಿದ್ರೂ ಗೊತ್ತಾಗ್ತಿರಲಿಲ್ಲ ರೀ. ಮೈಕ್ ಮುಂದೆ ಗಾಳೀಲಿ ಆಡೋ ನಿಮ್ ಕೈನ ದೂರದಿಂದ ನೋಡಿದೀನಿ. ಹಿಡ್ಕೊಂಡಿದ್ದು ಯಾವತ್ತು, ನೀವೇ ಹೇಳಿ?"

ಸುಮ್ಮನೆ ಬಲಗೈ ಚಾಚಿದೆ. ಜೋಮು ಇನ್ನೂ ಇಳಿದಿರಲಿಲ್ಲವಾದ್ದರಿಂದ, ಅವಳು ಹಿಡಿದಳೆಂಬುದನ್ನು ಬಗ್ಗಿ ನೋಡಿಯೇ ತಿಳಿಯಬೇಕಾಯಿತು!

ಓದುಗರಲ್ಲಿ ನನ್ನದೊಂದು ವಿನಂತಿ. ಇವತ್ತು ಮನೆಯವರ ಕೈಯನ್ನು ಒಮ್ಮೆ ಹಿಡಿಯಿರಿ. ಭಾಷಣ ಬೇಡ.