ಎರಡು ಕಾಪಿ, ಒಂದು ಕೌದಿ

ನಮ್ಮ ರಾಯದುರ್ಗದಲ್ಲಿ ಹೊಲಿಗೆ ಮಷಿನ್ ಕೆಟ್ಟರೆ ರಿಪೇರಿಗೆ ಜನ ಬರುತ್ತಾರೆ, ಕಂಪ್ಯೂಟರ್ ಕೆಟ್ಟರೆ ಸಲಹೆ ಕೊಡಲು ಜನ ಬರುತ್ತಾರೆ. ಜೀನ್ಸ್ ಹೊಲಿಯುವ ಒಂದು ಸಣ್ಣ ಕಾರ್ಖಾನೆಯಲ್ಲಿ ಪ್ಯಾಂಟಿನ ಹಿಂಜೇಬಿನ ಕಸೂತಿಗೆ ಡಿಸೈನ್ ಬರೆಯುವುದು ನನ್ನ ಕೆಲಸ. ನಾನು ಕಂಪ್ಯೂಟರಿನಲ್ಲಿ ಬರೆದದ್ದನ್ನು ಕಸೂತಿ ಯಂತ್ರ ಬಟ್ಟೆಯ ಮೇಲೆ ಮೂಡಿಸುತ್ತದೆ. ಅಲ್ಲಿ ನಗುವ ಪ್ರಸಂಗಗಳಿಗೆ ಎಂದೂ ಬರವಿಲ್ಲ. ಆದರೆ ಹಾರ್ಡ್ ಡಿಸ್ಕ್ ಕಟಕಟ ಎನ್ನಲು ಶುರುಮಾಡಿದ ವಾರ ಅವು ಸಾಲುಗಟ್ಟಿ ಬಂದವು.

೧. ಎಣ್ಣೆ

ಸದ್ದು ಮೊದಲು ಕೇಳಿದ್ದು ನಮ್ಮ ಹಿರಿಯ ಟೈಲರಿಗೆ. ಅಂದು ಅಮಾವಾಸ್ಯೆ. ಆ ದಿನ ಹೊಲಿಗೆ ಬಂದ್. ಮಷಿನ್‌ಗಳನ್ನು ಒರೆಸಿ, ಎಣ್ಣೆ ಬಿಟ್ಟು, ಕುಂಕುಮ ಹಚ್ಚಿ ಕಾಯಿ ಒಡೆಯುವುದು ನಮ್ಮ ಪದ್ಧತಿ. ನಾನು ಚಹಾ ಕುಡಿದು ಬರುವಷ್ಟರಲ್ಲಿ ಕಂಪ್ಯೂಟರಿನ ಹಣೆಗೂ ಕುಂಕುಮ ಬಿದ್ದಿತ್ತು. ಟೈಲರ್ ಎಣ್ಣೆ ಡಬ್ಬಿ ಹಿಡಿದು ಅದರ ಸುತ್ತ ತೂತು ಹುಡುಕುತ್ತಿದ್ದರು.

"ಏನ್ ಮಾಡಾಕತ್ತೀರಿ?"

"ಒಳಗ ಒಣಗೇತ್ರಿ. ಸದ್ದು ಕೇಳಿದ್ರ ಗೊತ್ತಾಗಲ್ಲೇನು?"

"ಇದಕ್ಕ ಎಣ್ಣಿ ಬಿಡಂಗಿಲ್ರಿ!"

ಅವರು ನನ್ನನ್ನು ಮಲತಾಯಿಯನ್ನು ನೋಡುವಂತೆ ನೋಡಿದರು. "ಬಂದಾಗಿಂದ ಒಂದು ಹನಿನೂ ಬಿಟ್ಟಿಲ್ಲ? ಮತ್ತ ಅಳದೆ ಏನ್ ಮಾಡ್ತೈತಿ, ಪಾಪ!"

೨. ಎರಡು ಕಾಪಿ

ಅದೇ ವಾರ ಬಳ್ಳಾರಿಯ ವ್ಯಾಪಾರಿಯೊಬ್ಬರಿಂದ ದೊಡ್ಡ ಆರ್ಡರ್ ಬಂತು. ಹಿಂದೆ ಹೊಲಿದುಕೊಟ್ಟಿದ್ದ ಒಂಬತ್ತು ಎಸಳಿನ ಹೂವಿನ ಜೇಬೇ ಬೇಕು, ಒಂದು ಹೊಲಿಗೆಯೂ ಬದಲಾಗಬಾರದು. ಹಳೆಯ ಪ್ಯಾಂಟುಗಳೆಲ್ಲ ಮಾರಾಟವಾಗಿ ಅವರ ಹತ್ತಿರ ಮಾದರಿಗೂ ಒಂದು ಉಳಿದಿರಲಿಲ್ಲ. ಹೂವು ಸಿಗದಿದ್ದರೆ ಆರ್ಡರ್ ಬೇರೆಯವರ ಪಾಲು, ನಮ್ಮ ಹದಿನಾಲ್ಕು ಮಷಿನ್‌ಗಳೂ ಅವುಗಳ ಹಿಂದಿನ ಹದಿನಾಲ್ಕು ಮನೆಗಳೂ ಸುಮ್ಮನೆ ಕೂರಬೇಕು. ಮಾಲೀಕರು ನನ್ನ ಹತ್ತಿರ ಬಂದರು.

"ಎರಡೆರಡು ಕಾಪಿ ಇಡು ಅಂದಿದ್ನಲ್ಲಪ್ಪ, ಇಟ್ಟೀ ಇಲ್ಲ?"

"ಇಟ್ಟೀನ್ರಿ."

ಅವರ ಮುಖ ಅರಳಿತು. "ಎರಡನೇದು ಎಲ್ಲೈತಿ?"

ನಾನು ಕಟಕಟ ಎನ್ನುವ ಡಬ್ಬದ ಕಡೆ ಕೈ ತೋರಿಸಿದೆ.

"ಮೊದಲನೇದು?"

ಕೈ ಕೆಳಗಿಳಿಸುವ ಅಗತ್ಯವೇ ಬೀಳಲಿಲ್ಲ.

೩. ಪಿಸುಮಾತು

ಕಂಪ್ಯೂಟರ್ ರಿಪೇರಿಯವರು ಬಂದು ಕಿವಿಗೊಟ್ಟು ಕೇಳಿದರು. "ಜೀವ ಇರೋದ್ರಾಗ ಎಷ್ಟು ಬರ್ತೈತೋ ಅಷ್ಟು ಬೇರೆ ಡಿಸ್ಕಿಗೆ ಇಳಿಸ್ತೀನ್ರಿ. ಅಲ್ಲೀತನಕ ಅಲುಗಾಡಿಸಬ್ಯಾಡ್ರಿ" ಎಂದರು. ಅಲುಗಾಡಿಸಬಾರದು ಎಂದದ್ದು ಡಬ್ಬವನ್ನು. ಆದರೆ ಮಾಲೀಕರು ಇಡೀ ಕಾರ್ಖಾನೆಯನ್ನೇ ನಿಲ್ಲಿಸಿದರು. ಮಷಿನ್ ಬಂದ್, ಇಸ್ತ್ರಿ ಬಂದ್. ಟೈಲರ್‌ಗಳು ಚಪ್ಪಲಿ ಬಿಟ್ಟು ತುದಿಗಾಲಲ್ಲಿ ನಡೆದರು. ಸೀನು ಬಂದವರು ರಸ್ತೆಗೆ ಓಡಿ ಸೀನಿ ಬಂದರು.

ಮಧ್ಯಾಹ್ನದ ಹೊತ್ತಿಗೆ ಡಿಸ್ಕ್ ಕೊನೆಯುಸಿರೆಳೆಯಿತು. ಬಹಳಷ್ಟು ಡಿಸೈನ್ ಉಳಿದವು, ಆ ಪುಣ್ಯಾತ್ಮರಿಗೆ ಇವತ್ತಿಗೂ ಕೈ ಮುಗಿಯುತ್ತೇನೆ. ಆದರೆ ಹೂವು ಬಂದಿರಲಿಲ್ಲ. ಎಂದೂ ಮೆಲ್ಲಗೆ ಮಾತಾಡದ ಮಾಲೀಕರಿಗೆ ಅಷ್ಟರಲ್ಲಿ ಪಿಸುಮಾತು ಅಭ್ಯಾಸವಾಗಿಹೋಗಿತ್ತು. ನನ್ನನ್ನು ಅರ್ಧ ಗಂಟೆ ಬೈದರು. ಏನು ಬೈದರೋ ನನಗೆ ಒಂದೂ ಕೇಳಿಸಲಿಲ್ಲ.

೪. ಕೌದಿ

ನಾನು ತಲೆಯ ಮೇಲೆ ಕೈ ಹೊತ್ತು ಕೂತಿದ್ದೆ. ಹೊಲಿದ ಪ್ಯಾಂಟಿನ ದಾರದ ತುದಿ ಕತ್ತರಿಸಲು ಗುಮ್ಮಘಟ್ಟದಿಂದ ಆಟೋದಲ್ಲಿ ಬರುವ ಅಮ್ಮನೊಬ್ಬರು ಕತ್ತರಿ ಕೆಳಗಿಟ್ಟು, "ಆ ಹೂವು ನಮ್ಮಲ್ಲಿ ಐತ್ರಿ" ಎಂದರು.

ಹೊಸ ಡಿಸೈನ್ ಬರೆದಾಗಲೆಲ್ಲ ಮೊದಲು ಒಂದು ತುಂಡು ಬಟ್ಟೆಯ ಮೇಲೆ ಹಾಕಿ, ನೋಡಿ, ಬಿಸಾಡುತ್ತಿದ್ದೆ. ಆ ತುಂಡುಗಳನ್ನೆಲ್ಲ ಅವರು ಆಯ್ದು ಕೌದಿ ಹೊಲಿದಿದ್ದರಂತೆ.

"ಎಲ್ಲೈತ್ರಿ ಕೌದಿ?"

"ಮಗಳು ಬಾಣಂತನ ಮುಗಿಸಿ ಹೋಗುವಾಗ ಕೂಸಿನ ಜೊತಿ ಮಡಕಶಿರಕ್ಕ ಕಳಿಸೀನ್ರಿ."

ಮರುದಿನ ಮೊದಲ ಬಸ್ಸು ಹಿಡಿದೆ. ಮಗಳ ಅತ್ತೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಾ ಜಗುಲಿಯಲ್ಲಿ ಕೂತಿದ್ದರು. ಒಳಗೆ ಕೌದಿಯ ಮೇಲೆ ಕೂಸು ಮಲಗಿತ್ತು. ಸುತ್ತ ನನ್ನ ಐದು ವರ್ಷದ ಡಿಸೈನ್‌ಗಳೆಲ್ಲ ಸಾಲಾಗಿದ್ದವು. ಹೂವೊಂದೇ ಕಾಣಲಿಲ್ಲ.

"ಮಗ ಈಗ ಮಲಗೈತೆ ಕಣಪ್ಪ. ಎದ್ದೇಳಗಂಟ ಕುಂತ್ಕ" ಎಂದು ಮುದ್ದೆ ಬಡಿಸಿದರು. ಉಂಡು ಕಾದೆ. ಕೂಸು ಎದ್ದಿತು. ಹೂವು ಅದರ ಕೆಳಗೇ ಇತ್ತು, ಒಂಬತ್ತೂ ಎಸಳು, ಪೂರ್ತಿ ಒದ್ದೆಯಾಗಿ. ನನ್ನ ಕಣ್ಣೂ ಒದ್ದೆಯಾಯಿತು.

ಕೌದಿಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಕಾರ್ಖಾನೆಯಲ್ಲಿ ಅದನ್ನು ಇಸ್ತ್ರಿ ಹಾಕಿ ಒಣಗಿಸಿ, ಹೊಲಿಗೆ ಎಣಿಸಿ ಎಣಿಸಿ ಹೂವನ್ನು ಮತ್ತೆ ಬರೆದೆ. ಆರ್ಡರ್ ಹೇಳಿದ ದಿನವೇ ಬಳ್ಳಾರಿಗೆ ಹೋಯಿತು. ಕೌದಿಯನ್ನು ಒಗೆಸಿ, ಕೂಸಿಗೊಂದು ಪುಟ್ಟ ಜೀನ್ಸ್ ಜೊತೆ ವಾಪಸ್ ಕಳಿಸಿದೆವು. ಈಗ ಪ್ರತಿ ಡಿಸೈನಿನ ಮೊದಲ ತುಂಡನ್ನು ನಾನೇ ಆ ಅಮ್ಮನ ಕೈಗೆ ಕೊಡುತ್ತೇನೆ. ನಮ್ಮೆಲ್ಲರ ಅನ್ನ ಉಳಿಸಿದ ಕೈ ಅದು.

ಮಾಲೀಕರು ಈಗಲೂ ವಾರಕ್ಕೊಮ್ಮೆ ಕೇಳುತ್ತಾರೆ. "ಎರಡನೇ ಕಾಪಿ ಎಲ್ಲೈತಿ?"

"ಮಡಕಶಿರದಾಗ ಐತ್ರಿ."

"ಒಣಗೇತೋ ಇಲ್ಲೋ?"