ನೂರು ಬೀಜ, ನೂರು ತೂತು

ನೆರೆಮನೆಯ ಜಂಬಕ್ಕನ ಮಂಚದ ಕೆಳಗೆ ಫಿರೋಜ್ ಹೊಟ್ಟೆಯ ಮೇಲೆ ತೆವಳುತ್ತಿದ್ದ. ಬಲಗೈಯಲ್ಲಿ ಚಹಾ ಸೋಸುವ ಜಾಲರಿ, ಎಡಗೈಯಲ್ಲಿ ಮೊಬೈಲಿನ ಬೆಳಕು. ಒಂದು ತಗಡಿನ ಟ್ರಂಕು, ಎರಡು ಉಳ್ಳಾಗಡ್ಡಿ ಚೀಲ, ಜೋಡಿ ಕಳೆದುಕೊಂಡ ಒಂದು ಚಪ್ಪಲಿ ದಾಟಿ ಗೋಡೆಯ ಮೂಲೆ ಮುಟ್ಟಿದಾಗ ಅದು ಅಲ್ಲಿತ್ತು. ಅಕ್ಕಿಕಾಳಿನಷ್ಟುದ್ದದ ಕಂದು ಹುಳ, ಆರೂ ಕಾಲು ಮಡಚಿಕೊಂಡು ಅಂಗಾತ ಬಿದ್ದಿತ್ತು.

“ಸತ್ತೈತಿ,” ಎಂದಳು ಮಂಚದ ಮೇಲಿಂದ ತಲೆಕೆಳಗಾಗಿ ಇಣುಕುತ್ತಿದ್ದ ಜಂಬಕ್ಕ. “ತಡಿ, ಖಾತ್ರಿಗೆ ಚಪ್ಪಲಿಲೆ ಒಂದ್ ಬಿಡ್ತೀನಿ.”

“ಸತ್ತಿಲ್ಲಬೇ. ಸತ್ತಂಗ ಮಾಡ್ತೈತಿ. ಮುಟ್ಟಿದ್ರ ಹಂಗಾ, ಅದರ ಚಾಳಿನಾ ಅದು.”

ಹುಳ ಒಂದು ನಿಮಿಷ ಹೆಣವಾಗಿದ್ದು, ಯಾರೂ ಅಳುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಎದ್ದು ನಡೆಯಿತು. ಅದರ ಹಿಂಗಾಲಿನ ತೊಡೆಗಳು ಗರಡಿಮನೆಯ ಪೈಲ್ವಾನನವುಗಳಂತೆ ಉಬ್ಬಿದ್ದವು. ಫಿರೋಜ್ ಜಾಲರಿ ಮುಚ್ಚಿದ, ಹುಳವನ್ನು ಬೆಂಕಿಪೊಟ್ಟಣಕ್ಕೆ ತುಂಬಿದ, ಜೇಡರಬಲೆ ಮೆತ್ತಿದ ಮುಖವನ್ನು ಹೊರಗೆ ಹಾಕಿ, ಉಳಿದವು ಎಲ್ಲಿ ಎಂದು ಕೇಳಿದ.

ಉಳಿದವು ಬೀಜದ ಸಮೇತ, ಬಾಟಲಿಯ ಸಮೇತ, ಬೆಳಗಿನ ಮೊದಲ ಬಸ್ಸಿಗೆ ಕೊಟ್ಟೂರಿಗೆ ಹೋಗಿದ್ದವು. ಕಂಡಕ್ಟರ್ ಪರಿಚಯದವನು, ಜೋಪಾನವಾಗಿ ಒಯ್ದಿದ್ದಾನೆ ಎಂದು ಜಂಬಕ್ಕ ಸಮಾಧಾನ ಹೇಳಿದಳು. ಫಿರೋಜನ ತಲೆ ಮಂಚದ ಪಟ್ಟಿಗೆ ಬಡಿಯಿತು.

ಅವನಿಗೆ ಇಪ್ಪತ್ತೇಳು ವರ್ಷ. ಹುಣಸೆಬೀಜ ತಿನ್ನುವ ಹುಳದ ಬಗ್ಗೆ ವಿಶ್ವವಿದ್ಯಾಲಯವೊಂದು ನಡೆಸುತ್ತಿದ್ದ ಅಧ್ಯಯನದಲ್ಲಿ ಅವನು ತಾತ್ಕಾಲಿಕ ಸಹಾಯಕ. ಕೂಡ್ಲಿಗಿಯ ಅವನ ಮನೆಯ ಗೂಡಿನಲ್ಲಿ ಎಪ್ಪತ್ತು ದಿನದಿಂದ ನಾಲ್ಕು ಗಾಜಿನ ಬಾಟಲಿಗಳಿದ್ದವು. ಒಂದರಲ್ಲಿ ನೂರು ಹುಣಸೆಬೀಜ, ಒಂದರಲ್ಲಿ ನೂರು ಶೇಂಗಾ, ಒಂದರಲ್ಲಿ ಹೊಂಗೆ, ಒಂದರಲ್ಲಿ ಕಕ್ಕೆ. ಹುಣಸೆಯಲ್ಲಿ ಹುಟ್ಟಿ ಬೆಳೆದ ಹುಳವನ್ನು ಪರರ ಮನೆಗೆ ಕಳಿಸಿದರೆ ಅದು ಅಲ್ಲಿ ಸಂಸಾರ ಹೂಡುತ್ತದೋ ಇಲ್ಲವೋ ಎಂಬುದು ಪ್ರಶ್ನೆ. ಮೊಟ್ಟೆಯಿಂದ ಹೊರಬಿದ್ದ ಮರಿ ಬೀಜದೊಳಗೆ ಹೊಕ್ಕು, ತಿಂದು ಕೊಬ್ಬಿ, ದುಂಡನೆಯ ತೂತು ಕೊರೆದು ಹೊರಗೆ ಬರುತ್ತದೆ. ಎಷ್ಟು ಬೀಜಕ್ಕೆ ತೂತು ಎಂದು ಎಣಿಸಿದರೆ ಉತ್ತರ ಸಿಕ್ಕಂತೆ. ಹುಣಸೆಯ ಬಾಟಲಿಯೇ ಇಲ್ಲದಿದ್ದರೆ ಉಳಿದ ಮೂರನ್ನು ಯಾವುದಕ್ಕೆ ಹೋಲಿಸುವುದು?

ಅಧ್ಯಯನದ ಮುಖ್ಯಸ್ಥೆ ರೇಖಾ ಮೇಡಂ ಇವತ್ತು ನಾಲ್ಕು ಗಂಟೆಗೆ ಎಣಿಸಲು ಬರುವವರಿದ್ದರು. ಎಣಿಕೆ ಸರಿ ಬಂದರೆ ಇನ್ನೊಂದು ವರ್ಷ ಕೆಲಸ ಮುಂದುವರಿಯುತ್ತದೆ. ಇಲ್ಲವಾದರೆ ನಾಳೆ ಬೆಳಿಗ್ಗೆ ಆರಕ್ಕೆ ಅಪ್ಪನ ಹುಣಸೆ ಕಣ. ಅಪ್ಪ ರಾಜಾಸಾಬ್ ಹುಣಸೆಹಣ್ಣಿನ ವ್ಯಾಪಾರಿ. ಹೆಂಗಸರು ಸಾಲಾಗಿ ಕೂತು ಹಣ್ಣು ಕುಟ್ಟಿ ಬೀಜ ಬಿಡಿಸುವ ಆ ಕಣದಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಂದೇ ಕಡೆ ಕೂತು ನೋಡುತ್ತಿರುವುದು ಅವರ ಉದ್ಯೋಗ, ಮಗನೂ ಪಕ್ಕದಲ್ಲಿ ಕೂತು ಅದನ್ನೇ ನೋಡಬೇಕೆಂಬುದು ಅವರ ಹಟ. ದಿನಾ ನಾಷ್ಟಾ ಹೊತ್ತಿಗೆ, ಯಾವಾಗ ಬಂದು ಕೂಡುತ್ತೀ ಎಂದು ಕೇಳದೆ ಅವರು ರೊಟ್ಟಿ ಮುರಿದವರಲ್ಲ. ಎರಡು ನಿಮಿಷ ಕೂತರೆ ಮೊಣಕಾಲು ತಾನೇ ಕುಣಿಯತೊಡಗುವ ಫಿರೋಜನಿಗೆ ಅದು ಕಣವಲ್ಲ, ಗೋರಿ.

ಅನಾಹುತ ನಡೆದದ್ದು ನಿನ್ನೆ, ಅವನು ಹೊಸಪೇಟೆಗೆ ಹೋಗಿದ್ದಾಗ. ಜಂಬಕ್ಕ ಒಂದು ಡಬ್ಬಿಯಲ್ಲಿ ಅಗಸಿ ಚಟ್ನಿಪುಡಿ ಕಳಿಸಿದ್ದಳು. ಆ ಓಣಿಯಲ್ಲಿ ಬಂದ ಡಬ್ಬಿಯನ್ನು ಯಾರೂ ಬರಿದೆ ಹಿಂದಿರುಗಿಸುವುದಿಲ್ಲ. ಚಿಟಿಕೆ ಸಕ್ಕರೆಯಾದರೂ ಹಾಕಬೇಕು. ಫಿರೋಜನ ತಾಯಿ ಹಮೀದಾ ಬೀ ನೋಡಿದರೆ ಸಕ್ಕರೆ ತೀರಿತ್ತು, ಬೆಲ್ಲಕ್ಕೆ ಇರುವೆ ಹತ್ತಿತ್ತು. ಕಣ್ಣಿಗೆ ಬಿದ್ದದ್ದು ಗೂಡಿನ ಬಾಟಲಿ. ಜಂಬಕ್ಕನ ತಮ್ಮ ಬೊಮ್ಮಯ್ಯ ಕೊಟ್ಟೂರಿನಲ್ಲಿ ಕಂಬಳಿ ನೇಯುತ್ತಾನೆ, ಹುಣಸೆಬೀಜ ಹುರಿದು ಅರೆದು ಕುದಿಸಿದ ಗಂಜಿಯನ್ನೇ ಕಂಬಳಿಗೆ ಬಳಿದು ಬಿಗಿ ಮಾಡುತ್ತಾನೆ ಎಂಬುದು ಆಕೆಗೆ ನೆನಪಾಯಿತು. ಮಗ ಹುಳ ಸಾಕುವುದು ಗೊತ್ತಿತ್ತು. ಆದರೆ ತೂತುಬಿದ್ದ ಬೀಜವೆಂದರೆ ಹುಳ ಉಂಡೆದ್ದ ಎಲೆಯಂತೆ, ಅವನಿಗೆ ಇನ್ನು ಬೇಡವಾದದ್ದು ಎಂದು ತಿಳಿದಳು. ಡಬ್ಬಿಯ ಮೇಲೆ ಬಾಟಲಿಯನ್ನೂ ಇಟ್ಟು ಕಳಿಸಿದಳು.

ಒಂಬತ್ತೂವರೆಗೆ ಹರಪನಹಳ್ಳಿ ಬಸ್ಸು ಹೊರಡುವುದಿತ್ತು. ಅದು ಕೊಟ್ಟೂರಿನ ಮೇಲೆ ಹಾದುಹೋಗುತ್ತದೆ. ಫಿರೋಜ್ ಓಡಿ ಹತ್ತಿದ. ತಿರುಗಿ ನೋಡಿದರೆ ಜಂಬಕ್ಕನೂ ಸೀರೆ ಬದಲಾಯಿಸಿಕೊಂಡು ಹತ್ತುತ್ತಿದ್ದಳು. ತಾನಿಲ್ಲದಿದ್ದರೆ ತಮ್ಮ ಒಂದು ಬೀಜವನ್ನೂ ಬಿಚ್ಚುವುದಿಲ್ಲ ಎಂಬುದು ಅವಳ ವಾದ.

ಊರು ದಾಟುವ ಹೊತ್ತಿಗೆ ಬೆಂಕಿಪೊಟ್ಟಣ ಖಾಲಿಯಾಗಿತ್ತು. ಅದು ಗೊತ್ತಾದದ್ದು ಮುಂದಿನ ಸೀಟಿನ ಚೌಡಕ್ಕನೆಂಬ ಹೆಂಗಸು ಕುಪ್ಪಸದ ಬೆನ್ನು ಹಿಡಿದುಕೊಂಡು ಎದ್ದು ನಿಂತಾಗ. ಚೇಳು ಎಂದು ಒಬ್ಬ ಹೇಳಿದ, ಜರಿ ಎಂದು ಇನ್ನೊಬ್ಬ ತಿದ್ದಿದ, ಡ್ರೈವರ್ ಏನೂ ಹೇಳದೆ ಬ್ರೇಕು ಒತ್ತಿದ. ಜಂಬಕ್ಕ ಅವಳ ಬೆನ್ನಿಗೆ ಕೈಹಾಕಿ ಹುಳ ತೆಗೆದು ಫಿರೋಜನ ಕೈಗೆ ಕೊಟ್ಟಳು. ಇಡೀ ಬಸ್ಸು ಫಿರೋಜನ ಕಡೆಗೆ ತಿರುಗಿತು. ಎಪ್ಪತ್ತು ದಿನ ನಾಲ್ಕು ಬಾಟಲಿಗಳ ಜೊತೆ ಮಾತ್ರ ಮಾತಾಡಿದ್ದವನಿಗೆ ಅಷ್ಟೊಂದು ಮುಖಗಳು ಒಟ್ಟಿಗೆ ಸಿಕ್ಕವು. ಅವನೊಳಗಿದ್ದ ಮೇಷ್ಟರು ಎದ್ದು ನಿಂತರು.

ಇದು ಕಚ್ಚುವುದಿಲ್ಲ ಎಂದ. ಮನುಷ್ಯರ ತಂಟೆಗೇ ಬರುವುದಿಲ್ಲ, ಬೀಜವೊಂದೇ ಇದರ ಲೋಕ ಎಂದ. ಒಂದು ಹೆಣ್ಣುಹುಳ ನೂರರವರೆಗೆ ಮೊಟ್ಟೆ ಇಡುತ್ತದೆ ಎಂದಾಗ ಹಿಂದಿನ ಸೀಟಿನವರು ಕೂಡ ಎದ್ದು ಮುಂದೆ ಬಂದರು. ಯಾರೋ ಮೊಬೈಲು ಎತ್ತಿ ಹಿಡಿದು, ಇಂಥಾ ಹುಳ ನಿನಗೆ ಎಲ್ಲಿ ಸಿಕ್ಕಿತು ತಮ್ಮಾ ಎಂದು ಕೇಳಿದರು.

“ಎಲ್ಲಿ ಅಂದ್ರ, ನಮ್ಮ ಕಣದಾಗ,” ಎಂದ ಫಿರೋಜ್ ಎದೆ ಸೆಟೆಸಿ. “ಕೂಡ್ಲಿಗಿ ರಾಜಾಸಾಬರ ಕಣ ಗೊತ್ತಲ್ರಿ? ಅಲ್ಲೀವಾ ಇವು. ಸುತ್ತ ನಾಕು ತಾಲೂಕು ಹುಡುಕೀನಿ, ನಮ್ಮ ಅಬ್ಬಾನ ಹುಣಸಿ ಅಂದ್ರ ಇದಕ್ಕ ಪ್ರಾಣ.”

ಬಸ್ಸು ಮೆಚ್ಚಿ ತಲೆಯಾಡಿಸಿತು. ಕೊಟ್ಟೂರಿನಲ್ಲಿ ಇಬ್ಬರೂ ಇಳಿದರು. ಹುಳದ ಕತೆ ಹರಪನಹಳ್ಳಿಗೆ ಟಿಕೆಟ್ಟಿಲ್ಲದೆ ಮುಂದಕ್ಕೆ ಹೋಯಿತು.

ಬೊಮ್ಮಯ್ಯ ಮಗ್ಗದ ಗುಂಡಿಯಲ್ಲಿ ಸೊಂಟದವರೆಗೆ ಇಳಿದು ಕೂತಿದ್ದ. ಅಕ್ಕನನ್ನು ಕಂಡರೂ ಏಳಲಿಲ್ಲ.

“ಏನವಾ, ನನ್ನ ಕೂಡ ಮಸ್ಕಿರಿ ಮಾಡಾಕ ಹತ್ತೀಯೇನು? ಆ ಬೀಜದಾಗ ಹಿಟ್ಟಾ ಇಲ್ಲ. ಬಾಳಷ್ಟು ಬರೇ ಪೊಳ್ಳು. ನಾಗಿ ಅವನ್ನ ಕೋಳಿಗೆ ಚೆಲ್ಲ್ಯಾಳ.”

ಅವನ ಹೆಂಡತಿ ನಾಗಕ್ಕ ಹಿತ್ತಲಿನ ಕಡೆ ಕೈ ತೋರಿಸಿದಳು. ಅಲ್ಲಿ ಒಂಬತ್ತು ಕೋಳಿಗಳು ಎಪ್ಪತ್ತು ದಿನದ ಸಂಶೋಧನೆಯನ್ನು ಕಾಲಿನಿಂದ ಕೆದರುತ್ತಿದ್ದವು.

ಬೊಮ್ಮಯ್ಯನಿಗೆ ಕೋಪವಿದ್ದರೂ ಕುತೂಹಲವೂ ಇತ್ತು. ಖಾಲಿ ಬಾಟಲಿಯ ತಳಕ್ಕೆ ಅಂಟಿದ್ದ ಬಿಳಿ ಕಾಗದದಂಥ ಗೂಡನ್ನು ಉಗುರಿನಿಂದ ಕಿತ್ತು ಬೆಳಕಿಗೆ ಹಿಡಿದು, ಇದನ್ನು ಯಾರು ನೇಯ್ದದ್ದು ಎಂದು ಕೇಳಿದ. ಹೊರಬಂದ ಮರಿಯೇ ತನ್ನ ಸುತ್ತ ನೇಯ್ದುಕೊಳ್ಳುತ್ತದೆ ಎಂದು ಫಿರೋಜ್ ಹೇಳಿದ. ಗಂಜಿಯಿಲ್ಲದೆ ಇಷ್ಟು ಬಿಗಿ ಬಂದದ್ದು ಹೇಗೆ ಎಂದು ಬೊಮ್ಮಯ್ಯ ಬಹಳ ಹೊತ್ತು ಅದನ್ನು ತಿರುಗಿಸಿ ನೋಡಿದ. ಹುಳದ ಮೇಲೆ ಅವನಿಗೆ ಕುಲಬಾಂಧವರ ಮೇಲಿನ ಅಭಿಮಾನ ಹುಟ್ಟಿತು. ಮಗ್ಗದಿಂದ ಎದ್ದು ಬಂದು, ನಿನಗೇನು ಬೇಕು ಹೇಳು ಎಂದ.

“ನೂರು ಬೀಜ ಇದ್ದವು. ನೂರೂ ಬೇಕು. ನಾಕರೊಳಗ ಎಣಿಸಿ ತೋರಿಸ್ಲಿಲ್ಲಂದ್ರ ನನ್ನ ಕೆಲಸ ಹೊಕ್ಕೈತಿ. ತೂತು ನೋಡ್ತಾರ ಅವ್ರು, ತೂತಾ ಮುಖ್ಯ.”

ಅಕ್ಕ ತಮ್ಮ ಪರಸ್ಪರ ಮುಖ ನೋಡಿಕೊಂಡರು.

ಫಿರೋಜ್ ಹಿತ್ತಲಿಗೆ ಇಳಿದ. ಮೊಣಕಾಲೂರಿ ಕೋಳಿಗಳ ಜೊತೆ ಕೆದರಿದ. ಕಲ್ಲುಸಂದಿಯಲ್ಲಿ, ಒಲೆಬೂದಿಯಲ್ಲಿ, ನೀರಿನ ಕಲ್ಲಿನ ಕೆಳಗೆ ಬೀಜಗಳು ಒಂದೊಂದಾಗಿ ಸಿಕ್ಕವು. ಅಕ್ಕಪಕ್ಕದವರು ಗೋಡೆಯ ಮೇಲೆ ಮೊಣಕೈ ಊರಿ ನಿಂತು ಸಲಹೆ ಕೊಟ್ಟರು. ಜರಡಿ ತರುವುದು ಒಳ್ಳೆಯದು ಎಂದರು. ಕೆಂಪು ಹುಂಜದ ಮೇಲೆ ಸಂಶಯವಿದೆ, ಕೊಯ್ದು ನೋಡುವುದು ಮೇಲು ಎಂದ ಒಬ್ಬ ಹಿರಿಯ, ಕೊಯ್ದ ಮೇಲೆ ಸಾರು ತನ್ನ ಮನೆಯಲ್ಲೇ ಆಗಲಿ ಎಂದೂ ಸೇರಿಸಿದ. ಎರಡು ಗಂಟೆ ಕೆದರಿದ ಮೇಲೆ ಅರವತ್ತೊಂದು ಬೀಜ ಸಿಕ್ಕವು, ಎಲ್ಲವೂ ತೂತಿನವು. ಮುಂದೆ ಒಂದೂ ಸಿಗಲಿಲ್ಲ. ಅವನು ಕೆಂಪು ಹುಂಜವನ್ನೇ ನೋಡುತ್ತ ಕೂತ. ಹುಂಜವೂ ಅವನನ್ನೇ ನೋಡಿತು.

ಅಷ್ಟರಲ್ಲಿ ಜಂಬಕ್ಕ ಒಳಗಿನಿಂದ ಬಂದು ಸೆರಗಿನ ಗಂಟು ಬಿಚ್ಚಿದಳು. ಉಳಿದ ಮೂವತ್ತೊಂಬತ್ತೂ ಒಳಗೇ ಇದ್ದವು, ಆರಿಸಿ ತಂದೆ ಎಂದಳು. ಫಿರೋಜ್ ಅವನ್ನು ಸುರಿದುಕೊಂಡು ಎಣಿಸಿದ. ಬೀಜಗಳು ಬೆಚ್ಚಗಿದ್ದವು. ಬಿಸಿಲಿಗೆ ಇಟ್ಟಿರಬೇಕು ಎಂದುಕೊಂಡ. ಒಂದೊಂದರಲ್ಲೂ ದುಂಡನೆಯ ತೂತು. ಅರವತ್ತು ಬಂದರೆ ದೊಡ್ಡದು ಎಂದುಕೊಂಡಿದ್ದ. ಇಲ್ಲಿ ನೂರಕ್ಕೆ ನೂರು.

ಮರಳುವ ಬಸ್ಸಿನಲ್ಲಿ ಸೀಟಿರಲಿಲ್ಲ, ಅವನಿಗೆ ಬೇಕಾಗಿಯೂ ಇರಲಿಲ್ಲ. ಬಾಗಿಲಿಗೂ ಡ್ರೈವರನಿಗೂ ನಡುವೆ ಅಡ್ಡಾಡಿದ. ದಾರಿಯಲ್ಲಿ ಕುರಿಹಿಂಡು ಅಡ್ಡ ಬಂತು, ಪಂಕ್ಚರ್ ಆಯಿತು, ಮತ್ತೆ ಇನ್ನೊಂದು ಕುರಿಹಿಂಡು ಬಂತು. ಅವನು ಮನಸ್ಸಿನಲ್ಲಿ ವರದಿ ಬರೆಯುತ್ತಿದ್ದ. ಒಂದು ವರ್ಷವಲ್ಲ, ಮೂರು ವರ್ಷ ಮುಂದುವರಿಸಬಹುದು. ಎಲ್ಲೋ ದೂರದ ಸಭೆಯೊಂದರಲ್ಲಿ ಪರದೆಯ ಮೇಲೆ ಅವನ ಬೀಜಗಳನ್ನು ತೋರಿಸುತ್ತಿದ್ದರು, ಜನ ಕತ್ತು ಚಾಚಿ ನೋಡುತ್ತಿದ್ದರು.

ಮನೆ ಮುಟ್ಟಿದಾಗ ನಾಲ್ಕೂಕಾಲು. ರೇಖಾ ಮೇಡಂ ಹಮೀದಾ ಬೀ ಕೊಟ್ಟ ಸಕ್ಕರೆಯಿಲ್ಲದ ಚಹಾವನ್ನು ಆರೋಗ್ಯಕ್ಕೆ ಒಳ್ಳೆಯದೆಂದು ಹೊಗಳುತ್ತ ಕೂತಿದ್ದರು. ಶೇಂಗಾ, ಹೊಂಗೆ, ಕಕ್ಕೆಯ ಎಣಿಕೆ ಮುಗಿದಿತ್ತು. ಫಿರೋಜ್ ಬಿಳಿ ಹಾಳೆ ಹಾಸಿ ಹುಣಸೆಬೀಜಗಳನ್ನು ಹತ್ತತ್ತರ ಸಾಲು ಮಾಡಿದ. ನೂರರಲ್ಲಿ ನೂರು ಮೇಡಂ ಎಂದ. ಬಾಗಿಲಲ್ಲಿ ಓಣಿಯವರೆಲ್ಲ ನಿಂತಿದ್ದರು, ಮುಂದೆ ಜಂಬಕ್ಕ.

ಮೇಡಂ ಭೂತಗನ್ನಡಿ ತೆಗೆದರು. ಒಂದು ಬೀಜ ನೋಡಿದರು, ಎರಡನೆಯದು ನೋಡಿದರು, ಆಮೇಲೆ ಬೀಜಗಳನ್ನು ಎರಡು ಗುಂಪು ಮಾಡತೊಡಗಿದರು. ಒಂದು ಗುಂಪು ದೊಡ್ಡದು, ಇನ್ನೊಂದು ಚಿಕ್ಕದು. ಚಿಕ್ಕ ಗುಂಪಿನ ಬೀಜವೊಂದನ್ನು ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದರು.

“ಫಿರೋಜ್, ಹುಳ ತಿಂದು ಖಾಲಿಮಾಡಿ ಒಳಗಿಂದ ಹೊರಗೆ ಬರುತ್ತೆ. ಈ ಮೂವತ್ತೊಂಬತ್ತರಲ್ಲಿ ಒಳಗೆ ಎಲ್ಲಾ ಹಾಗೇ ಇದೆ. ಯಾರೋ ಹೊರಗಿಂದ ಒಳಗೆ ಹೋಗಿದ್ದಾರೆ. ಅದೂ ಬೆಂಕಿ ಹಿಡಿದುಕೊಂಡು.”

ಫಿರೋಜನಿಗೆ ಅರ್ಥವಾಗಲಿಲ್ಲ. ಜಂಬಕ್ಕನಿಗೆ ಕೂಡಲೇ ಆಯಿತು. ಕಷ್ಟಪಟ್ಟದ್ದನ್ನು ಕೊನೆಗೂ ಒಬ್ಬರು ಗುರುತಿಸಿದರು ಎಂಬ ಸಂತೋಷ ಅವಳ ಮುಖದಲ್ಲಿತ್ತು.

“ನಾವಾ ಚುಚ್ಚೇವ್ರಿ ಮೇಡಂ. ಚಲೋ ಇದ್ದವನ್ನ ನಮ್ಮ ತಮ್ಮ ಮುಂಜಾನೇನಾ ಹುರದು ಗಂಜಿಗೆ ಹಾಕಿಬಿಟ್ಟಿದ್ದ. ಪಾಪ, ಹುಡುಗನ ಕೆಲಸ ಹೊಕ್ಕೈತಿ ಅಂತ, ತನ್ನ ಚೀಲದಾಗಿನವು ತಗದು, ದಬ್ಬಣ ಕೆಂಪಗ ಕಾಯ್ಸಿ, ಒಂದೊಂದಾ ತೂತು ಹಾಕಿದ್ವಿ. ಬೊಬ್ಬಿ ನೋಡ್ರಿ ಬೇಕಾರ.”

ಅವಳು ಸುಟ್ಟ ಬೆರಳು ಚಾಚಿದಳು. ಮೇಡಂ ಆ ಬೆರಳನ್ನೂ ಭೂತಗನ್ನಡಿಯಲ್ಲಿ ನೋಡಿದರು. ನಂತರ ಚೀಲದ ಜಿಪ್ಪು ಎಳೆದರು. ಬೈಯಲಿಲ್ಲ. ಅರವತ್ತೊಂದೇ ತಂದಿದ್ದರೆ ಬಹಳ ಒಳ್ಳೆಯ ಎಣಿಕೆಯಾಗುತ್ತಿತ್ತು, ಇನ್ನು ಆ ಅರವತ್ತೊಂದನ್ನೂ ನಂಬುವ ಹಾಗಿಲ್ಲ ಎಂದಷ್ಟೇ ಹೇಳಿದರು. ತಿಂಗಳ ಕೊನೆಗೆ ಬಂದು ಕಾಗದಪತ್ರ ಒಪ್ಪಿಸಿ ಹೋಗಲು ತಿಳಿಸಿ ಕಾರು ಹತ್ತಿದರು.

ಫಿರೋಜ್ ಸ್ವಲ್ಪ ಹೊತ್ತು ಓಣಿಯಲ್ಲಿ ಅತ್ತಿತ್ತ ತಿರುಗಿದ. ಆಮೇಲೆ ಕಾಲುಗಳು ತಾವಾಗಿ ಕಣದ ದಾರಿ ಹಿಡಿದವು. ನಡೆಯುತ್ತ ನಡೆಯುತ್ತ ಕಣದ ಬಗ್ಗೆ ಒಳ್ಳೆಯ ಸಂಗತಿಗಳನ್ನು ಹುಡುಕಿದ. ನೆರಳಿದೆ. ದಿನಕ್ಕೆರಡು ಸಲ ಚಹಾ ಬರುತ್ತದೆ. ಹುಳಗಳಂತೂ ಬೇಕಾದಷ್ಟಿವೆ, ಯಾರೂ ಎಣಿಸಿ ಕೊಡು ಎನ್ನುವುದಿಲ್ಲ. ಅಪ್ಪನ ಹಟವಾದರೂ ಗೆಲ್ಲಲಿ. ಗೇಟು ಮುಟ್ಟುವ ಹೊತ್ತಿಗೆ ಅವನಿಗೆ ತನ್ನ ತ್ಯಾಗದ ಮೇಲೆ ಕಣ್ಣೀರು ಬರುವಷ್ಟು ಪ್ರೀತಿ ಹುಟ್ಟಿತ್ತು.

ಕಣದಲ್ಲಿ ಕುಟ್ಟುವ ಸದ್ದಿರಲಿಲ್ಲ. ಹೆಂಗಸರು ಮನೆಗೆ ಹೋಗಿದ್ದರು. ಹಡಗಲಿಗೆ ಹೊರಡಬೇಕಿದ್ದ ಟೆಂಪೊದಿಂದ ಹಮಾಲರು ಬೆಳಿಗ್ಗೆ ಏರಿಸಿದ್ದ ಮೂಟೆಗಳನ್ನೇ ಒಂದೊಂದಾಗಿ ಇಳಿಸುತ್ತಿದ್ದರು. ರಾಜಾಸಾಬ್ ಮಗನ ಕಡೆ ನೋಡದೆ ಮೊಬೈಲನ್ನು ಮುಂದಕ್ಕೆ ಹಿಡಿದರು. ಅದರಲ್ಲಿ ಒಂದು ಬಸ್ಸು ಇತ್ತು, ಬಸ್ಸಿನಲ್ಲಿ ಎದೆ ಸೆಟೆಸಿದ ಒಬ್ಬ ಯುವಕನಿದ್ದ. ನಮ್ಮ ಅಬ್ಬಾನ ಹುಣಸಿ ಅಂದ್ರ ಇದಕ್ಕ ಪ್ರಾಣ, ಎನ್ನುತ್ತಿದ್ದ.

ಹುಳದ ಮಾಲು ಬೇಡವೆಂದು ಹರಪನಹಳ್ಳಿಯ ವ್ಯಾಪಾರಿ ಹನ್ನೊಂದಕ್ಕೆ ಫೋನು ಮಾಡಿದ್ದ. ಹಗರಿಬೊಮ್ಮನಹಳ್ಳಿಯವನು ಹನ್ನೆರಡಕ್ಕೆ. ಹಡಗಲಿಯವನು ಮಾತೂ ಆಡದೆ ಆ ವಿಡಿಯೊವನ್ನೇ ಕಳಿಸಿ ಸುಮ್ಮನಾಗಿದ್ದ. ಇದನ್ನೆಲ್ಲ ಹೇಳಿದವನು ಮೂಟೆ ಇಳಿಸುತ್ತಿದ್ದ ಹಮಾಲ.

ಫಿರೋಜ್ ಅಪ್ಪನ ಪಕ್ಕ ಹೋಗಿ ನಿಂತ.

“ಅಬ್ಬಾ, ನನ್ನ ಕೆಲಸ ಹೋತು. ನೀವು ಹೇಳಿದಂಗಾ ಆಗ್ಲಿ. ನಾಳಿಂದ ಆರಕ್ಕ ಬಂದು ಇಲ್ಲೇ ಕುಂದರ್ತೀನಿ.”

ರಾಜಾಸಾಬ್ ತಲೆಯೆತ್ತಿದರು. ಮಗನ ಕೆದರಿದ ಕೂದಲು, ಮೊಣಕಾಲಿಗೆ ಮೆತ್ತಿದ ಕೋಳಿಹಿಕ್ಕೆ, ಏನನ್ನೋ ಹೇಳಲು ಮತ್ತೆ ತೆರೆಯುತ್ತಿದ್ದ ಬಾಯಿ, ಎಲ್ಲವನ್ನೂ ನಿಧಾನವಾಗಿ ನೋಡಿದರು.

“ಬ್ಯಾಡ,” ಎಂದರು.