ಲಂಗರು ಹುಡುಕಲು ಹೋದ ಮೂಲೆಯಪ್ಪ

ನಿಘಂಟು ಕಚೇರಿಗೆ ಇದ್ದದ್ದು ಒಂದೇ ಕಿಟಕಿ, ಅದರ ಪಕ್ಕ ಒಂದೇ ಮೇಜು. ಮೂರು ತಿಂಗಳಿಂದ ಅಲ್ಲಿ ಬೀಡುಬಿಟ್ಟವನಿಗೆ ಕಿಟಕಿರಾಯ ಎಂದೇ ಹೆಸರು ಬಿದ್ದಿತ್ತು. ಕಕ್ಕಸಿನ ಬಾಗಿಲಿಗೆ ಬೆನ್ನು ಕೊಟ್ಟು ಕೂರುವ ನಮ್ಮ ಮೂಲೆಯಪ್ಪನಿಗೆ, ಅವನ ಕೂದಲು ಗಾಳಿಗೆ ಹಾರಿದಾಗಲೆಲ್ಲ ತನ್ನ ಹೊಟ್ಟೆಯೊಳಗೆ ಯಾರೋ ಒಲೆ ಊದಿದಂತಾಗುತ್ತಿತ್ತು.

ಆ ಮೇಜು ಗೆಲ್ಲಲು ಒಂದೇ ದಾರಿ. ದಿನಕ್ಕೊಂದು ಇಂಗ್ಲಿಷ್ ಪದ. ಜನ ಅದನ್ನು ಯಾವ್ಯಾವ ಅರ್ಥದಲ್ಲಿ ಆಡುತ್ತಾರೆಂದು ಕಿವಿಯಾರೆ ಕೇಳಿ, ಆಡಿದವರು ಯಾರು, ಕೇಳಿದವರು ಯಾರು ಎಂದು ಚೀಟಿ ಬರೆದು ಸಂಪಾದಕರ ತಗಡಿನ ಡಬ್ಬಿಗೆ ಹಾಕಬೇಕು. ಒಂದೇ ಅರ್ಥಕ್ಕೆ ಎರಡು ಚೀಟಿ ಬಿದ್ದಿದ್ದರೆ ಅಡಿಯಲ್ಲಿರುವುದಕ್ಕೇ, ಅಂದರೆ ಮೊದಲು ಬಿದ್ದದ್ದಕ್ಕೇ ಮಾನ್ಯತೆ. ಸಂಜೆ ಐದಕ್ಕೆ ಯಾರ ಚೀಟಿ ಹೆಚ್ಚೋ ಅವರಿಗೆ ಕಿಟಕಿ.

“ಇವತ್ತು ‘ಆ್ಯಂಕರ್’,” ಎಂದರು ಸಂಪಾದಕರು. “ಹಡಗಿನ ಲಂಗರು ಅಂತ ನಂಗೂ ಗೊತ್ತು. ಮಿಕ್ಕಿದ್ದು ತನ್ನಿ.”

ಮೂಲೆಯಪ್ಪ ಬಿಟ್ಟ ಬಾಣದಂತೆ ಓಡಿದ. ಕಿಟಕಿರಾಯ ಉಗುರು ಕತ್ತರಿಸುತ್ತ ಕೂತ.

ಹಾರ್ಡ್‌ವೇರ್ ಅಂಗಡಿಯವನು, “ಗೋಡೆಗೆ ಹೊಡೆಯೋ ಆ್ಯಂಕರಾ? ಎಷ್ಟು ಡಜನ್ ಕಟ್ಲಿ?” ಎಂದು ಒಂದು ಡಜನ್ ಕಟ್ಟಿಯೇ ಬಿಟ್ಟ. ನಾದಿನಿ, “ನಾನೇ ಆ್ಯಂಕರ್ ಭಾವ! ಕಾಲೇಜಲ್ಲಿ ಮೈಕ್ ಹಿಡಿದಿದ್ದು ನೋಡ್ಲಿಲ್ವಾ?” ಎಂದು ಅಷ್ಟೂ ಕಾರ್ಯಕ್ರಮವನ್ನು ಮತ್ತೆ ನಡೆಸಿಕೊಟ್ಟಳು. ಓಟದ ಕೋಚ್, “ರಿಲೇಲಿ ಕೊನೇಗೆ ಓಡೋನೇ ಆ್ಯಂಕರ್. ಮೊದ್ಲು ಎರಡು ಸುತ್ತು ಓಡಿ, ಆಮೇಲೆ ಚೀಟಿ ಬರ್ಕೊಳ್ಳಿ,” ಎಂದ. ಮಾಲಿನ ಮ್ಯಾನೇಜರು, “ಜನಾನ ಎಳ್ಕೊಂಡು ಬರೋ ದೊಡ್ಡ ಅಂಗಡೀನೇ ನಮ್ ಆ್ಯಂಕರ್,” ಎಂದ. ಪಕ್ಕದ ಮನೆಯಾಕೆ ದನಿ ತಗ್ಗಿಸಿ, “ನಮ್ಮನೆಗೆ ಅತ್ತೇನೇ ಆ್ಯಂಕರ್ ಕಣ್ರೀ. ಅವ್ರಿಲ್ದಿದ್ರೆ ಎಲ್ಲಾ ದಿಕ್ಕಾಪಾಲು. ನಾನಂದೆ ಅಂತ ಅವರಿಗೆ ಹೇಳ್ಬೇಡಿ,” ಎಂದಳು.

ಐದು ಚೀಟಿ! ನಾಲ್ಕೂವರೆಗೆ ಕುಂಟುತ್ತ ಕಚೇರಿಗೆ ಬಂದ. ಡಬ್ಬಿ ನಾಲ್ಕೇ ಹೆಜ್ಜೆ ದೂರ. ಆದರೆ ಆ ಹಾರುವ ಕೂದಲು ಕಣ್ಣಿಗೆ ಬಿತ್ತಲ್ಲ, ಕಾಲು ನಿಂತಿತು, ಬಾಯಿ ಓಡಿತು.

“ಕೇಳ್ರೀ ಕಿಟಕಿರಾಯ್ರೇ!” ಎಂದು ಒಂದೊಂದನ್ನೂ ಆಯಾ ದನಿಯಲ್ಲೇ ಆಡಿ ತೋರಿಸಿದ. ಅಂಗಡಿಯವನ ಗೊರಗೊರ, ನಾದಿನಿಯ ಕೀಚಲು, ಕೋಚ್‌ನ ಸೀಟಿ, ಒಂದನ್ನೂ ಬಿಡಲಿಲ್ಲ.

“ಅದ್ಭುತ! ಅತ್ತೇದು ಇನ್ನೊಂದ್ಸಲ, ಸ್ವಲ್ಪ ನಿಧಾನಕ್ಕೆ,” ಎಂದ ಕಿಟಕಿರಾಯ, ಮೇಜಿನ ಕೆಳಗೆ ಕೈ ಆಡಿಸುತ್ತ. “ಪಾಪ, ಎಷ್ಟು ಬೆವರಿದ್ದೀರಿ! ಮುಖ ತೊಳ್ಕೊಂಡು ಬಂದು ಹಾಕಿ.”

ಮೂಲೆಯಪ್ಪ ಮುಖ ತೊಳೆದು, ಕ್ರಾಪು ತೀಡಿ, ಗಾಳಿಗೆ ಹಾರಲು ಎರಡು ಎಳೆ ಸಡಿಲ ಬಿಟ್ಟುಕೊಂಡು ಬಂದು ಚೀಟಿ ಹಾಕಿದ.

ಐದಕ್ಕೆ ಸಂಪಾದಕರು ಡಬ್ಬಿ ಮಗುಚಿ, ಅಡಿಯ ಐದು ಚೀಟಿ ಓದಿದರು. ಗೋಡೆ, ಮೈಕು, ರಿಲೇ, ಮಾಲು, ಅತ್ತೆ. ಐದರಲ್ಲೂ ಒಂದೇ ಒಕ್ಕಣೆ: ‘ಆಡಿದವರು ಮೂಲೆಯಪ್ಪ, ಕೇಳಿದವರು ಕಿಟಕಿರಾಯ.’

“ಸಾರ್! ಇದು ಹಗಲು ದರೋಡೆ!”

“ನೀವು ಆಡಿದ್ದು ನಿಜ ತಾನೆ?”

“ಆಡಿದ್ದೇನೋ ನಿಜ, ಆದ್ರೆ...”

“ಅವರು ಕೇಳಿದ್ದೂ ನಿಜ. ಮುಗೀತು.” ಸಂಪಾದಕರು ಪುಟ ಮಗುಚಿದರು. “ನಾಳೆಯ ಪದ ‘ಆ್ಯಂಗರ್’. ಅಂದ್ರೆ ಸಿಟ್ಟು. ಜನ ಸಿಟ್ಟಲ್ಲಿ ಏನೇನಂತಾರೆ, ಒಂದೂ ಬಿಡದೆ ಬರ್ಕೊಂಡು ಬನ್ನಿ.”

ಕಿಟಕಿರಾಯ ಹೊಸ ಚೀಟಿಯ ಕಟ್ಟು ಬಿಚ್ಚಿ, ಕುರ್ಚಿಯನ್ನು ಮೂಲೆಯ ಕಡೆಗೆ ತಿರುಗಿಸಿಕೊಂಡು, ಪೆನ್ನಿನ ಮುಚ್ಚಳ ತೆಗೆದ.

“ಏನೋ ಹೇಳ್ತಿದ್ರಲ್ಲ, ಹೇಳಿ,” ಎಂದ.